ಬೈಗುಳದ ಅರ್ಥ

ಕಾಲೇಜಿನ ಹೆಸರು ಹೊಲಿದ ಟ್ರ್ಯಾಕ್ ಸೂಟ್ ಹಾಕಿಕೊಂಡು ಹೋದರೆ ಉಡಾಫೆ ಅಂದುಕೊಂಡಾರು, ಕಪ್ಪು ಬ್ಲೇಜರ್ ಹಾಕಿಕೊಂಡು ಹೋದರೆ ತಪ್ಪನ್ನು ಮೊದಲೇ ಒಪ್ಪಿಕೊಂಡ ಹಾಗೆ ಕಂಡೀತು ಎಂದು ಬಸಲಿಂಗಮ್ಮ ಹಾಸಿಗೆಯ ಮೇಲೆ ಎರಡನ್ನೂ ಹರವಿಕೊಂಡು ಬಹಳ ಹೊತ್ತಿನಿಂದ ನಿಂತಿದ್ದಳು. ಮೀಟಿಂಗ್ ಇದ್ದದ್ದು ಒಂದು ಗಂಟೆಗೆ, ಈಗಿನ್ನೂ ಹತ್ತೂವರೆ. ಕೆಳಗೆ ಅಡುಗೆಮನೆಯಲ್ಲಿ ಗಂಡ ಅರವಿಂದ್ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಅಕ್ಟೋಬರಿನ ಒಂದು ಮಧ್ಯಾಹ್ನ ಜರ್ಸಿ ಸಿಟಿಯ ಅವನ ಆಫೀಸಿನಲ್ಲಿ ಇಡೀ ಒಂದು ಮಹಡಿಯ ಜನರಿಗೆ ಕೆಲಸದಿಂದ ತೆಗೆದು ರಟ್ಟಿನ ಡಬ್ಬಿ ಕೊಟ್ಟು ಮನೆಗೆ ಕಳಿಸಿದ್ದರು. ಈಗ ಮಾರ್ಚ್. ಈ ಐದು ತಿಂಗಳಲ್ಲಿ ಒಂದು ದಿನವೂ ಅವನು ಇಸ್ತ್ರಿ ತಪ್ಪಿಸಿರಲಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರೆ ವರ್ಕ್ ಫ್ರಮ್ ಹೋಮ್ ಅಂದುಕೊಳ್ಳಲಿ ಎಂದು ಕಿವಿಗೆ ಹೆಡ್‌ಸೆಟ್ಟನ್ನೂ ಸಿಕ್ಕಿಸಿಕೊಂಡಿರುತ್ತಿದ್ದ. ಅವಳು ಕೊನೆಗೆ ಬ್ಲೇಜರ್ ಹಾಕಿಕೊಂಡು ಇಳಿದು ಬಂದಾಗ ಅವನು ತಲೆ ಎತ್ತಲಿಲ್ಲ.

"ವಾದ ಮಾಡೋಕೆ ಹೋಗ್ಬೇಡ ಬಸೂ. ಸಾರಿ ಅಂತ ಹೇಳು. ಟ್ರೈನಿಂಗ್ ಏನಾದ್ರೂ ತಗೋ ಅಂದ್ರೆ ತಗೋತೀನಿ ಅನ್ನು. ಈಗ ಮನೇಲಿ ಎಲ್ರಿಗೂ ಇರೋದು ನಿನ್ ಕೆಲಸದ ಹೆಲ್ತ್ ಇನ್ಶೂರೆನ್ಸ್ ಒಂದೇ."

"ನಾ ಏನ್ ವಾದ ಮಾಡೂದೈತಿ," ಎಂದಳು. ಇಪ್ಪತ್ತು ವರ್ಷ ಬೆಂಗಳೂರಿನವನ ಜೊತೆ ಬಾಳಿ ನಯವಾಗಿದ್ದ ಅವಳ ಮಾತು ಮನಸ್ಸು ಕದಡಿದಾಗ ತಾನಾಗಿಯೇ ಹುಬ್ಬಳ್ಳಿಗೆ ಹೋಗಿಬಿಡುತ್ತಿತ್ತು.

ಈಗ ಆಗಿದ್ದೆಲ್ಲ ಅದರಿಂದಲೇ. ಹೋದ ವಾರ ಕಾಲೇಜಿನ ಪ್ಲಾಸ್ಟಿಕ್ ಹುಲ್ಲಿನ ಮೈದಾನದಲ್ಲಿ ಹುಡುಗಿಯರ ಹಾಕಿ ಪ್ರಾಕ್ಟೀಸ್ ನಡೆಯುತ್ತಿತ್ತು. ಅಸಿಸ್ಟೆಂಟ್ ಕೋಚ್ ಆಗಿ ಎಂಟು ವರ್ಷ ಕಳೆದ ಅವಳ ಕಣ್ಣಿಗೆ ಮೇಗನ್‌ನಷ್ಟು ಒಳ್ಳೆಯ ಕೈ ಇರುವ ಹುಡುಗಿ ಇನ್ನೊಬ್ಬಳು ಬಿದ್ದಿರಲಿಲ್ಲ. ಆ ಮೇಗನ್ ಗ್ಯಾಲರಿಯಲ್ಲಿ ಕೂತ ಯಾರನ್ನೋ ನೋಡಿ ನಗುತ್ತಿರುವಾಗ ಚೆಂಡು ಅವಳ ಕಾಲ ಪಕ್ಕದಲ್ಲೇ ಹಾದು ಹೋಯಿತು. ಬಸಲಿಂಗಮ್ಮನ ಬಾಯಿಂದ ಅವಳಿಗೇ ಗೊತ್ತಾಗದಂತೆ ಹೊರಬಿತ್ತು: "ಏ ಕತ್ತೀ, ಚಂಡ ಕಡೆ ನೋಡ." ಮೇಗನ್ ನಿಂತು ನೋಡಿದಳು. ಮೂರು ದಿನದ ಮೇಲೆ ಎಚ್.ಆರ್.ನಿಂದ ಇ-ಮೇಲ್ ಬಂತು. ಕೋಚ್ ವಿದೇಶಿ ಭಾಷೆಯಲ್ಲಿ ಬೈದರು, 'ಕತ್ತಿ' ಎಂದರು, ವಿಚಾರಿಸಲಾಗಿ ಆ ಪದಕ್ಕೆ ಚಾಕು, ಖಡ್ಗ ಎಂಬ ಅರ್ಥವಿರುವುದು ತಿಳಿದುಬಂದಿದೆ, ವಿದ್ಯಾರ್ಥಿನಿಗೆ ಭಯವಾಗಿದೆ.

ಕಾರಿನಲ್ಲಿ ಕಾಲೇಜಿಗೆ ಹೊರಟು ಈಸ್ಟ್ ಬ್ರನ್ಸ್‌ವಿಕ್ ದಾಟುವಾಗ ಫೋನ್ ಬಂತು. ಅದೇ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುವ ಕೃಷ್ಣಮೂರ್ತಿ. ಮೈಸೂರಿನವರು, ಕನ್ನಡ ಸಂಘದ ನಾಟಕಗಳನ್ನು ಅವರೇ ಆಡಿಸುವುದು.

"ನೋಡಮ್ಮ, ಬೇಜಾರ್ ಮಾಡ್ಕೋಬೇಡಿ. ಎಚ್.ಆರ್.ನವ್ರು ಒಂದು ಪದಕ್ಕೆ ಅರ್ಥ ಕೇಳಿದ್ರು, ಯಾರು ಹೇಳಿದ್ದು, ಯಾಕೆ ಹೇಳಿದ್ದು, ಏನೂ ಹೇಳ್ಲಿಲ್ಲ. ಕತ್ತಿ ಅಂದ್ರೆ ಏನು ಅಂದ್ರು. ಡಿಕ್ಷನರೀಲಿ ಇರೋದ್ ಹೇಳ್ದೆ."

"ನಮ್ಮ ಕಡೆ ಕತ್ತೆಗೆ ಹಾಂಗ ಅಂತಾರ ಸರ್."

"ನಿಮ್ ಕಡೆ ಸರಿ. ನಾನು ಕನ್ನಡದ ಅರ್ಥ ಹೇಳ್ದೆ."

ಹೇಳಿದ್ದರಲ್ಲಿ ಕುಹಕವೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಸಂಘದ ನಾಟಕಗಳಲ್ಲಿ ಆರು ವರ್ಷದಿಂದ ಅವಳಿಗೆ ಕೊಡುತ್ತಿದ್ದುದು ಕೆಲಸದವಳ ಪಾತ್ರವೇ. ನಿಮ್ಮ ಭಾಷೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ ಎಂದು ಎಲ್ಲರೂ ಮನಸಾರೆ ಹೊಗಳುವರು. ಅವಳು ಬಾಯಿ ತೆರೆದರೆ ಸಾಕು, ಸಭೆ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಕರ್ನಾಟಕಕ್ಕಾಗಿ ಹತ್ತು ವರ್ಷ ಸೆಂಟರ್ ಹಾಫ್ ಆಡಿದವಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಕಸಬರಿಗೆ ಹಿಡಿದು.

ಈ ಊರಲ್ಲಿ ಮಾರ್ಚ್ ಎಂದರೆ ಹಿಮ ಕರಗಿ ಹುಲ್ಲು ಇನ್ನೂ ಬಾರದ, ಎತ್ತ ನೋಡಿದರೂ ಬೂದಿಬಣ್ಣದ ತಿಂಗಳು. ಹುಬ್ಬಳ್ಳಿಯಲ್ಲಿ ಈ ಹೊತ್ತಿಗೆ ಮೈದಾನ ಕಾದ ಹಂಚಾಗಿರುತ್ತಿತ್ತು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಈಶಣ್ಣ ಸಂಜೆ ಸೈರನ್ ಆದ ಕೂಡಲೇ ಎಣ್ಣೆಗೈಯಲ್ಲೇ ಸೈಕಲ್ ಹೊಡೆದುಕೊಂಡು ಹಾಕಿ ಕಲಿಸಲು ಬರುತ್ತಿದ್ದ. ಹದಿನಾಲ್ಕು ಹುಡುಗಿಯರು, ಒಂಬತ್ತು ಸ್ಟಿಕ್ಕು. ಸ್ಟಿಕ್ಕು ಇಲ್ಲದವರು ಮೈದಾನದ ಸುತ್ತ ಓಡಬೇಕು, ಓಡಿ ಬಂದವರು ಇನ್ನೊಬ್ಬರ ಕೈಯಿಂದ ಸ್ಟಿಕ್ಕು ಇಸಿದುಕೊಳ್ಳಬೇಕು. ಗೋಡೆಯ ಮೇಲೆ ಕೂತ ಗಂಡಸರು ಹುಡುಗಿಯರ ಮೊಣಕಾಲು ನೋಡಲು ಬಂದವರೆಂದು ಗೊತ್ತಾದ ದಿನ ಈಶಣ್ಣ ಆ ಗೋಡೆಯುದ್ದಕ್ಕೂ ಗ್ರೀಸು ಬಳಿದಿದ್ದ. ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವ ಕಮಲವ್ವನ ಎದುರು ಮೊದಲ ಸಲ ಬಂದು ನಿಂತವನು, ಒಲೆಯ ಹೊಗೆಗೆ ಕಣ್ಣು ಉಜ್ಜಿಕೊಳ್ಳುತ್ತ, "ನಿಮ್ಮ ಹುಡುಗಿ ಕಾಲಾಗ ಗಾಳಿ ಐತ್ರಿ ಅವ್ವಾರ. ನನಗ ಕೊಡ್ರಿ, ದಿನಾ ಹೊತ್ತು ಮುಣುಗೂದ್ರಾಗ ಮನಿ ಮುಟ್ಟಸ್ತೀನಿ," ಎಂದಿದ್ದ. ಕಮಲವ್ವ ಹಿಟ್ಟಿನ ಕೈಯನ್ನು ರೊಟ್ಟಿಯ ಮೇಲಿಂದ ತೆಗೆಯದೆ, "ಹುಡುಗಿ ಅಡಗಿ ಕಲಿಯೂದ್ಯಾವಾಗ?" ಎಂದು ಕೇಳಿದ್ದಳು. ಆ ಪ್ರಶ್ನೆಯನ್ನು ಅವ್ವ ಮತ್ತೆ ಕೇಳಲಿಲ್ಲ.

ಮೊದಲ ಎರಡು ತಿಂಗಳು ಅವನು ಅವಳನ್ನು ತಂಗೀ ಎಂದೇ ಕರೆಯುತ್ತಿದ್ದ. "ತಂಗೀ, ಹಿಂಗಲ್ಲವಾ, ಎಡಗೈ ಮ್ಯಾಲ ಇರ್ಬೇಕು." ಎಷ್ಟು ಮರ್ಯಾದೆ. ಮರ್ಯಾದೆ ಪಡೆದವರು ದಸರಾ ಹೊತ್ತಿಗೆ ಟೀಮಿನಲ್ಲಿ ಇರುವುದಿಲ್ಲವೆಂಬುದು ಹುಡುಗಿಯರಿಗೆಲ್ಲ ಗೊತ್ತಿತ್ತು. ಅವನು ಬಯ್ಯುತ್ತಿದ್ದುದು ತನ್ನವರು ಅನ್ನಿಸಿದವರನ್ನು ಮಾತ್ರ. ಅವಳು ಇರುಳು ಹಾಸಿಗೆಯಲ್ಲಿ ಬೇಡಿಕೊಳ್ಳುತ್ತಿದ್ದಳು, ನಾಳೆಯಾದರೂ ನನ್ನನ್ನು ಬಯ್ಯಲಿ ಎಂದು. ಶ್ರಾವಣದ ಒಂದು ಸೋಮವಾರ, ಜಡಿಮಳೆಯಲ್ಲಿ ಚೆಂಡು ಕಾಣದೆ ತಡವರಿಸುತ್ತಿದ್ದಾಗ, ಮೈದಾನದ ಆ ತುದಿಯಿಂದ ಕೂಗು ಬಂತು, ಏ ಕತ್ತೀ. ಅವಳು ಮನೆಯವರೆಗೂ ಓಡಿಯೇ ಹೋಗಿದ್ದಳು. "ಬೈಸ್ಕೊಂಡು ಬಂದು ಹಲ್ಲು ಕಿಸೀತೀಯಲ್ಲಾ, ಹುಚ್ಚಿ," ಎಂದು ಅವ್ವ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಿದ್ದಳು. ಆಮೇಲೆ ಜೂನಿಯರ್ ನ್ಯಾಷನಲ್ಸ್‌ಗೆ ಹೊರಟಾಗ ಅದೇ ಅವ್ವ ನಲವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿದ್ದಳು. ಗ್ವಾಲಿಯರ್‌ವರೆಗೆ ಮೂರು ದಿನ, ಟಿಕೇಟು ಕಾಯಂ ಆಗದೆ ಬೋಗಿಯ ಬಾಗಿಲಲ್ಲಿ ಸ್ಟಿಕ್ಕುಗಳ ಮೇಲೆ ತಲೆಯಿಟ್ಟು ಮಲಗಿದ ಹುಡುಗಿಯರು, ಅವರ ಕಾಲ ಬುಡದಲ್ಲಿ ಕಣ್ಣು ಮುಚ್ಚದೆ ಕೂತ ಈಶಣ್ಣ. ಅಷ್ಟು ಸುಖದ ನಿದ್ದೆ ಆಮೇಲೆ ಯಾವ ಹಾಸಿಗೆಯಲ್ಲೂ ಬರಲಿಲ್ಲ.

ಆ ಪ್ರೀತಿಯನ್ನೇ ಮೇಗನ್‌ಗೆ ಕೊಟ್ಟೆ ಎಂದು ಅವಳು ಮೂರು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೊಟ್ಟದ್ದು ಆ ಹುಡುಗಿಗೆ ತಿಳಿಯುವುದಾದರೂ ಹೇಗೆ ಎಂದು ಇವತ್ತು, ಕಾಲೇಜಿನ ಪಾರ್ಕಿಂಗ್ ಲಾಟಿನಲ್ಲಿ ಗಾಡಿ ನಿಲ್ಲಿಸುವಾಗ, ಮೊದಲ ಸಲ ಹೊಳೆಯಿತು. ಅದರ ಹಿಂದೆಯೇ ಬೇಡವೆಂದರೂ ಇನ್ನೊಂದು ಹೊಳೆಯಿತು. ಟಿಯಾರಾಳನ್ನು ಅವಳು ಒಂದು ದಿನವೂ ಬೈದಿರಲಿಲ್ಲ.

ಟಿಯಾರಾ ಟ್ರೆಂಟನ್‌ನ ಹುಡುಗಿ, ಗೋಲ್‌ಕೀಪರ್, ಎರಡು ವರ್ಷದ ಹಿಂದೆ ಟೀಮಿನಲ್ಲಿ ಇದ್ದ ಒಬ್ಬಳೇ ಕಪ್ಪು ಹುಡುಗಿ. ದೊಡ್ಡ ಆಳು, ದೊಡ್ಡ ದನಿ. ಗೋಲಿನಲ್ಲಿ ನಿಂತು ಇಡೀ ಮೈದಾನಕ್ಕೆ ಕೇಳುವಂತೆ ಡಿಫೆಂಡರುಗಳನ್ನು ಆಡಿಸುವಳು. ಅವಳ ಹತ್ತಿರ ಮಾತಾಡುವಾಗ ಬಸಲಿಂಗಮ್ಮ ಪ್ಲೀಸ್ ಸೇರಿಸುತ್ತಿದ್ದಳು, ಥ್ಯಾಂಕ್ಯೂ ಸೇರಿಸುತ್ತಿದ್ದಳು, ಒಂದು ಹೆಜ್ಜೆ ದೂರ ನಿಲ್ಲುತ್ತಿದ್ದಳು. ಅದನ್ನು ತಾನು ಗೌರವ ಅಂದುಕೊಂಡಿದ್ದಳು. ಆ ಶರತ್ಕಾಲದಲ್ಲಿ ಪೆನ್ಸಿಲ್ವೇನಿಯಾದ ಒಂದು ಮ್ಯಾಚಿನಲ್ಲಿ, ಕೊನೆಯ ನಿಮಿಷ, ಅಂಪೈರು ಎದುರಾಳಿಯ ಕಾಲಿಗೆ ಚೆಂಡು ತಾಗಿದ ತಪ್ಪನ್ನು ಕಾಣದೆ ಗೋಲು ಕೊಟ್ಟಳು. ಟಿಯಾರಾ ಹೆಲ್ಮೆಟ್ ತೆಗೆದು ಆಕಾಶ ನೋಡಿ ಇಂಗ್ಲಿಷಿನ ಆ ನಾಲ್ಕಕ್ಷರದ ಬೈಗುಳದ ಮಾತು ಅಂದಳು. ಹೆಡ್ ಕೋಚ್ ಪ್ಯಾಟ್ ಡಾನವನ್ ಒಂದು ಪ್ರಾಕ್ಟೀಸಿನಲ್ಲಿ ಅದೇ ಮಾತನ್ನು ಲೆಕ್ಕವಿಲ್ಲದಷ್ಟು ಸಲ ಬಳಸುತ್ತಿದ್ದಳು. ಪ್ಯಾಟ್ ಬಾಯಲ್ಲಿ ಬಂದಾಗ ಹುಡುಗಿಯರು ನಗುವರು, ಅವಳಿಗೆ ಆಟದ ಮೇಲೆ ಅಷ್ಟು ಪ್ರೀತಿ ಎಂದು ಕಾಲೇಜಿನ ಪತ್ರಿಕೆ ಬರೆಯುವುದು. ಅಂಪೈರು ದೂರು ಕೊಟ್ಟಳು. ವಿಚಾರಣೆಯಲ್ಲಿ ಗೋಲಿನ ಹಿಂದೆಯೇ ನಿಂತಿದ್ದ ಬಸಲಿಂಗಮ್ಮನನ್ನು ಕರೆದು ಎರಡು ಪ್ರಶ್ನೆ ಕೇಳಿದರು. ಆ ಮಾತು ಅಂದಳೇ? ಅಂಪೈರಿಗೆ ಅಂದಳೇ? ಅವಳ ಅರ್ಧ ದಿನದ ಕೆಲಸವನ್ನು ಪೂರ್ತಿ ಮಾಡುವುದೋ ಬೇಡವೋ ಎಂಬುದು ಅದೇ ವಾರ ತೀರ್ಮಾನವಾಗುವುದಿತ್ತು. ಅಂದಳು, ಎಂದಳು ಬಸಲಿಂಗಮ್ಮ. ಯಾರಿಗೆ ಅಂತ ಹೇಳಲಾರೆ, ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಕೇಳದೆ ಒಂದು ಮಾತು ಸೇರಿಸಿದಳು. ನನಗೆ ಹೆದರಿಕೆಯಾಯಿತು.

ಅವರು ಬರೆದುಕೊಂಡದ್ದು ಅದೊಂದನ್ನೇ. ಟಿಯಾರಾಳನ್ನು ಟೀಮಿನಿಂದ ತೆಗೆದರು, ಸ್ಕಾಲರ್‌ಶಿಪ್ ಹೋಯಿತು, ಜನವರಿಯಲ್ಲಿ ಹುಡುಗಿ ಕಾಲೇಜಿಗೆ ಬರಲಿಲ್ಲ. ವಿಚಾರಣೆಯ ಕೋಣೆಯಿಂದ ಹೊರಗೆ ಬಂದಾಗ ಬೆಂಚಿನ ಮೇಲೆ ಕೂತಿದ್ದ ಟಿಯಾರಾಳನ್ನು ನೋಡಿ ಬಸಲಿಂಗಮ್ಮನಿಗೆ ಅಳು ತಡೆಯಲಾಗಿರಲಿಲ್ಲ. ಹುಡುಗಿಯೇ ಎದ್ದು ಅವಳ ಬೆನ್ನು ಸವರಿದ್ದಳು. ಎರಡು ಡಿಸೆಂಬರಿನಲ್ಲೂ ಕಾರ್ಡು ಕಳಿಸಿದ್ದಳು. ಈ ಸಲದ್ದರಲ್ಲಿ, ರಾಬಿನ್ಸ್‌ವಿಲ್‌ನಲ್ಲಿ ವೇರ್‌ಹೌಸಿನ ಕೆಲಸ, ಮೂರೂವರೆಗೆ ಶಿಫ್ಟ್ ಮುಗಿಯುತ್ತದೆ, ಈ ಕಡೆ ಬಂದರೆ ಸಿಗಿ ಕೋಚ್, ಎಂದು ಬರೆದು ವೇರ್‌ಹೌಸಿನ ಹೆಸರನ್ನೂ ಕೊಟ್ಟಿದ್ದಳು. ಬಸಲಿಂಗಮ್ಮ ಆ ಕಾರ್ಡನ್ನು ಸ್ವೆಟರುಗಳ ಕೆಳಗೆ ಇಟ್ಟಿದ್ದಳು.

ಮೀಟಿಂಗ್ ನಡೆದದ್ದು ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ. ಎಚ್.ಆರ್.ನ ಮಿಸೆಸ್ ಕೆಲ್ಲರ್ ದೂರನ್ನು ಮೆಲ್ಲಗೆ, ಪ್ರತಿ ಮಾತಿನ ಮೇಲೆ ಬೆರಳಿಟ್ಟು ಓದಿದಳು. ಬಸಲಿಂಗಮ್ಮನಿಗೆ ಇಂಗ್ಲಿಷು ತಿಳಿಯುತ್ತದೋ ಇಲ್ಲವೋ ಎಂಬ ಹಾಗೆ. ಪಕ್ಕದಲ್ಲಿ ಪ್ಯಾಟ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಳು. ಅದು ಚಾಕು ಅಲ್ಲ, ಕತ್ತೆ, ನಮ್ಮ ಊರಿನಲ್ಲಿ ಹಾಗೆ ಅನ್ನುತ್ತಾರೆ ಎಂದು ಬಸಲಿಂಗಮ್ಮ ವಿವರಿಸಿದಳು. ಹಾಗಾದರೆ ವಿದ್ಯಾರ್ಥಿನಿಯನ್ನು ಕತ್ತೆ ಅಂದಿರಿ, ಎಂದು ಮಿಸೆಸ್ ಕೆಲ್ಲರ್ ಬರೆದುಕೊಂಡಳು. ಹೌದು. ಪ್ರೀತಿಯಿಂದ. ಪ್ರೀತಿಯಿಂದ ಎಂಬುದನ್ನು ಬರೆದುಕೊಂಡಂತೆ ಕಾಣಲಿಲ್ಲ.

ಆಗ ಪ್ಯಾಟ್ ಬಾಯಿ ಹಾಕಿದಳು. "ನೋಡಿ, ಮೈದಾನದಲ್ಲಿ ನಾವೆಲ್ಲ ಬಾಯಿಗೆ ಬಂದದ್ದು ಅಂತೀವಿ. ನಾನಂತೂ ದಿನಾ ಅಂತೀನಿ. ಅದರಲ್ಲಿ ಯಾರಿಗೂ ಕೆಡುಕು ಬಯಸೋ ಉದ್ದೇಶ ಇರಲ್ಲ. ಇವಳು ಒಳ್ಳೆಯವಳು. ಒಂದು ಎಚ್ಚರಿಕೆಯ ಪತ್ರ ಕೊಟ್ಟು ಮುಗಿಸಿ. ಇನ್ಮೇಲೆ ಇಂಗ್ಲಿಷ್ ಮಾತ್ರ ಮಾತಾಡ್ತಾಳೆ. ಅಲ್ವಾ?"

ಮಿಸೆಸ್ ಕೆಲ್ಲರ್ ನಕ್ಕಳು. ಪೆನ್ನಿನ ಕ್ಯಾಪು ಹಾಕಿದಳು. ಎಲ್ಲವೂ ಅಷ್ಟು ಸುಲಭವಾಗಿತ್ತು. ಬಸಲಿಂಗಮ್ಮ ಥ್ಯಾಂಕ್ಯೂ ಅನ್ನಬೇಕೆಂದು ಬಾಯಿ ತೆರೆದಳು. ಅರವಿಂದನ ಇಸ್ತ್ರಿ ಶರ್ಟು ನೆನಪಾಯಿತು. ಮನಸ್ಸಿನಲ್ಲಿ ವಾಕ್ಯ ಸಿದ್ಧವಾಗಿಯೂ ಇತ್ತು. ಹೊರಗೆ ಬಂದದ್ದು ಬೇರೆ.

"ಈ ಮಾತನ್ನ ಟಿಯಾರಾ ವಿಷಯದಲ್ಲಿ ಯಾಕೆ ಹೇಳಲಿಲ್ಲ?"

ಯಾರು ಎಂದು ಮಿಸೆಸ್ ಕೆಲ್ಲರ್ ಕೇಳಿದಳು. ಪ್ಯಾಟ್‌ಗೆ ಗೊತ್ತಾಗಿತ್ತು. ಕಾಲು ಕೆಳಗಿಳಿಸಿ ನೆಟ್ಟಗೆ ಕೂತಳು.

"ನಮ್ಮ ಗೋಲ್‌ಕೀಪರ್," ಎಂದಳು ಬಸಲಿಂಗಮ್ಮ. ಇಂಗ್ಲಿಷಿನ ವ್ಯಾಕರಣ ಕಲಸಿಹೋಗುತ್ತಿತ್ತು. "ಒಂದು ಸಲ ಅಂದಳು, ಕಳಿಸಿದಿರಿ. ಅವಳು ಅಂಪೈರಿಗೆ ಅನ್ನಲಿಲ್ಲ, ಆಕಾಶ ನೋಡಿ ಅಂದಳು. ನಾನು ಅಲ್ಲೇ ಇದ್ದೆ. ನನಗೆ ಹೆದರಿಕೆ ಆಗಿರಲಿಲ್ಲ. ಆಯ್ತು ಅಂತ ಸುಳ್ಳು ಹೇಳಿದೆ. ಇದನ್ನ ಬರ್ಕೊಳ್ಳಿ."

"ಆ ವಿಷಯ ಮುಗಿದುಹೋಗಿದೆ," ಎಂದಳು ಮಿಸೆಸ್ ಕೆಲ್ಲರ್. "ಇವತ್ತು ನಾವು ಸೇರಿರೋದು ನಿಮ್ಮ ವಿಷಯಕ್ಕೆ." ಪೆನ್ನಿನ ಕ್ಯಾಪು ತೆಗೆಯಲಿಲ್ಲ.

ಕಾರಿಡಾರಿನಲ್ಲಿ ಪ್ಯಾಟ್ ಅವಳನ್ನು ತಡೆದು ನಿಲ್ಲಿಸಿದಳು. ಸಿಟ್ಟಿಗಿಂತ ನೋವೇ ಮುಖದಲ್ಲಿ ಹೆಚ್ಚಾಗಿತ್ತು. ಎಂಟು ವರ್ಷದ ಹಿಂದೆ, ಬೇರೆ ಯಾವ ಕಾಲೇಜೂ ಫೋನು ಕೂಡ ಎತ್ತದಿದ್ದಾಗ, ಒಂದು ಶನಿವಾರ ಪಾರ್ಕಿನಲ್ಲಿ ಅವಳ ಕೈಗೆ ಸ್ಟಿಕ್ಕು ಕೊಟ್ಟು ಹತ್ತು ನಿಮಿಷ ಆಟ ನೋಡಿ ಕೆಲಸ ಕೊಟ್ಟವಳು ಪ್ಯಾಟ್. "ನಾನು ಬಂದಿದ್ದು ನಿನ್ನ ಉಳಿಸೋಕೆ," ಎಂದಳು.

"ಗೊತ್ತು ಪ್ಯಾಟ್. ಅವಳನ್ನೂ ಉಳಿಸಬಹುದಿತ್ತು. ನೀನೂ. ನಾನೂ."

ಪ್ಯಾಟ್ ತಿರುಗಿ ಜಿಮ್ಮಿನ ಕಡೆ ನಡೆದಳು. ಜೂನ್‌ನಲ್ಲಿ ಬಜೆಟ್ ಕಡಿತದ ಕಾರಣ ಕೊಟ್ಟು ಬಸಲಿಂಗಮ್ಮನ ಕಾಂಟ್ರಾಕ್ಟನ್ನು ಮುಂದುವರಿಸದೆ ಬಿಟ್ಟರು. ಆ ವರ್ಷ ಎಲ್ಲ ಕಾಲೇಜುಗಳಲ್ಲೂ ಬಜೆಟ್ ಕಡಿತ ನಡೆಯುತ್ತಿತ್ತು, ಆದ್ದರಿಂದ ಯಾರಿಗೂ ಅದು ವಿಶೇಷವೆನಿಸಲಿಲ್ಲ. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಅವಳು ಮನೆಗೆ ಹೋಗುವ ಬದಲು ಟರ್ನ್‌ಪೈಕ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟಳು. ಅರವಿಂದನ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ವೇರ್‌ಹೌಸಿಗೆ ಕಿಟಕಿಗಳಿರಲಿಲ್ಲ. ಮುಂದೆ ಎಕರೆಗಟ್ಟಲೆ ಡಾಂಬರು. ಮೂರೂವರೆಗೆ ಬಾಗಿಲು ತೆರೆದು ಜನ ಹೊರಗೆ ಬಂದಾಗ ಟಿಯಾರಾಳನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ಟು, ಎಲ್ಲರಿಗಿಂತ ಒಂದು ತಲೆ ಎತ್ತರ. ಅವಳೇ ಮೊದಲು ನೋಡಿದಳು. ಓಡಿ ಬಂದು ಬಸಲಿಂಗಮ್ಮನನ್ನು ನೆಲದಿಂದ ಎತ್ತಿಬಿಟ್ಟಳು.

"ಕೋಚ್, ನೀವು ಬಂದ್ರಲ್ಲ. ಅಮ್ಮಂಗೆ ಹೇಳಿದ್ದೆ, ಬಂದೇ ಬರ್ತಾರೆ ಅಂತ. ಆ ಕಾಲೇಜಿನಲ್ಲಿ ನನಗೋಸ್ಕರ ಅತ್ತಿದ್ದು ನೀವೊಬ್ರೇ."

ಬಸಲಿಂಗಮ್ಮ ಅವಳ ಜಾಕೆಟ್ಟಿನ ತೋಳು ಹಿಡಿದುಕೊಂಡಳು. ಹೇಳದೆಯೂ ಹೋಗಬಹುದಿತ್ತು. ಎಲ್ಲಾದರೂ ಕಾಫಿ ಕುಡಿದು, ಆಟದ ಮಾತಾಡಿ, ಎಷ್ಟು ತೆಳ್ಳಗಾಗಿದ್ದೀಯ ಅಂದು. ಈ ಹುಡುಗಿಯ ಮನೆಯಲ್ಲಿ ತನ್ನ ಹೆಸರು ಒಳ್ಳೆಯ ಹೆಸರಾಗಿ ಉಳಿಯುತ್ತಿತ್ತು. ಬೇರೆ ಎಲ್ಲೂ ಉಳಿದಿರದ ಹಾಗೆ.

"ನನ್ನಿಂದಲೇ ನಿನ್ನ ತೆಗೆದದ್ದು," ಎಂದಳು. ಕೋಣೆಯಲ್ಲಿ ಕೇಳಿದ ಎರಡು ಪ್ರಶ್ನೆ ಹೇಳಿದಳು, ಕೊಟ್ಟ ಉತ್ತರ ಹೇಳಿದಳು, ಯಾರೂ ಕೇಳದೆ ಸೇರಿಸಿದ್ದನ್ನು ಹೇಳಿದಳು, ಆ ವಾರ ತನಗೆ ಸಿಕ್ಕ ಪೂರ್ತಿ ಕೆಲಸದ ಮಾತು ಹೇಳಿದಳು. ಇವತ್ತು ಆದದ್ದನ್ನೂ ಹೇಳಿದಳು. ಟಿಯಾರಾ ಕೇಳುತ್ತ ಹೋದಂತೆ ಅವಳ ತೋಳು ಬಸಲಿಂಗಮ್ಮನ ಕೈಯಿಂದ ಯಾವಾಗಲೋ ಬಿಡಿಸಿಕೊಂಡಿತ್ತು. ಲಾಟಿನಲ್ಲಿ ಗಾಡಿಗಳು ಒಂದೊಂದಾಗಿ ಖಾಲಿಯಾದವು.

"ಇವತ್ತು ನಿಮಗೆ ಹೀಗೆ ಆಗದೇ ಇದ್ದಿದ್ರೆ ಬರ್ತಿದ್ರಾ?" ಎಂದು ಟಿಯಾರಾ ಕೇಳಿದಳು. ಆ ದೊಡ್ಡ ದನಿ ಇಷ್ಟು ಸಣ್ಣದಾಗಬಲ್ಲದೆಂದು ಬಸಲಿಂಗಮ್ಮನಿಗೆ ಗೊತ್ತಿರಲಿಲ್ಲ.

"ಇಲ್ಲ."

ಟಿಯಾರಾ ತಲೆಯಾಡಿಸಿದಳು. ಸ್ವಲ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತಳು. ಹೋಗಿಯೇಬಿಡುತ್ತಾಳೆ ಎಂದು ಬಸಲಿಂಗಮ್ಮ ಕಾದಳು. ಹೋದರೆ ಸಾಕೆಂದೂ ಅನಿಸಿತು. ಆದರೆ ಅವಳು ವಾಪಸು ಬಂದಳು, ಜಾಕೆಟ್ಟಿನ ಒಳಜೇಬಿನಿಂದ ಮಡಿಸಿದ ಶಿಪ್ಪಿಂಗ್ ಫಾರಮ್ಮುಗಳ ಕಟ್ಟು ತೆಗೆದು, ಖಾಲಿ ಬದಿ ಮೇಲೆ ಮಾಡಿ, ಕಾರಿನ ಬಾನೆಟ್ಟಿನ ಮೇಲೆ ಇಟ್ಟಳು.

"ಬರೆದುಕೊಡಿ. ನನಗೆ ಹೇಳಿದ್ರಲ್ಲ, ಹಾಗೇ."

ಬಸಲಿಂಗಮ್ಮ ತಾರೀಖು ಬರೆದಳು. ಮ್ಯಾಚು ನಡೆದ ಊರು ಬರೆದಳು. ಗೋಲ್‌ಕೀಪರ್ ಒಂದು ಕೆಟ್ಟ ಮಾತು ಅಂದಳು ಎಂದು ಬರೆಯುವಷ್ಟರಲ್ಲಿ ಟಿಯಾರಾ ತಡೆದಳು.

"ಕೆಟ್ಟ ಮಾತು ಅಂತ ಅಲ್ಲ. ಯಾವ ಮಾತು, ಅದನ್ನೇ ಬರೀರಿ."

ನಲವತ್ತಾರು ವರ್ಷದಲ್ಲಿ ಅವಳು ಆ ಮಾತನ್ನು ಆಡಿರಲಿಲ್ಲ, ಬರೆದೂ ಇರಲಿಲ್ಲ. ಅಕ್ಷರಗಳನ್ನು ಒಂದೊಂದಾಗಿ, ಶಾಲೆಯ ಹುಡುಗಿಯ ಹಾಗೆ ದುಂಡಗೆ ಬರೆದಳು. ಕಾಗದದ ಮೇಲೆ ಅದು ಎಲ್ಲ ಮಾತುಗಳ ಹಾಗೆಯೇ ಇತ್ತು.

"ನಾನು ಎಷ್ಟು ಸಲ ಅಂದೆ?"

"ಒಂದು ಸಲ."

"ಬರೀರಿ. ಕೋಚ್ ಡಾನವನ್?"

"ದಿನಾ."

"ದಿನಾ ಅಂದ್ರೆ ಯಾರೂ ನಂಬಲ್ಲ. ಯಾವತ್ತು, ಎಲ್ಲಿ, ಯಾರಿಗೆ, ಒಂದೊಂದೇ ಬರೀರಿ. ನಿಮಗೆ ನೆನಪಿದೆ, ನನಗೆ ಗೊತ್ತು."

ನೆನಪಿತ್ತು. ಮೊದಲನೆಯದನ್ನು ಬರೆಯುವಾಗ ಗಾಳಿಗೆ ಕಾಗದ ಎದ್ದಿತು. ಟಿಯಾರಾ ಅದರ ಅಂಚಿನ ಮೇಲೆ ಅಂಗೈ ಊರಿ ಹಿಡಿದಳು. ಆ ಬದಿ ತುಂಬಿದ ಮೇಲೆ ಇನ್ನೊಂದು ಹಾಳೆ ಮುಂದಿಟ್ಟಳು.